ಊತವಿಲ್ಲದ ದಿನಗಳ ಲೆಕ್ಕ

ಕೇಳುಗರಿಗೆ ನಮಸ್ಕಾರ.

ತುಟಿ ಊದಿಕೊಳ್ಳುತ್ತದೆ, ಇನ್ನೊಮ್ಮೆ ಕೈ, ಮತ್ತೊಮ್ಮೆ ಕಣ್ಣಿನ ರೆಪ್ಪೆ. ತುರಿಕೆಯಿಲ್ಲ, ದದ್ದಿಲ್ಲ. ಎರಡು ಮೂರು ದಿನವಿದ್ದು ತಾನಾಗಿಯೇ ಇಳಿಯುತ್ತದೆ. ಮನೆಯವರು ‘ತಿಂದದ್ದು ಒಗ್ಗಲಿಲ್ಲ’ ಅನ್ನುತ್ತಾರೆ, ಅಲರ್ಜಿ ಮಾತ್ರೆ ತರುತ್ತಾರೆ. ಮಾತ್ರೆಗೆ ಅದು ಜಗ್ಗುವುದಿಲ್ಲ, ಏಕೆಂದರೆ ಅದು ಅಲರ್ಜಿಯೇ ಅಲ್ಲ. ಹೆರಿಡಿಟರಿ ಆಂಜಿಯೋಎಡೀಮಾ, ಚಿಕ್ಕದಾಗಿ ಎಚ್‌ಎಇ. ಸುಮಾರು 50,000 ಜನರಲ್ಲಿ ಒಬ್ಬರಿಗೆ ಬರುವ ವಂಶದ ಕಾಯಿಲೆ.

1888ರಲ್ಲಿ ವಿಲಿಯಂ ಆಸ್ಲರ್ ಎಂಬ ವೈದ್ಯರು ಒಂದೇ ಮನೆತನದ ಐದು ತಲೆಮಾರುಗಳಲ್ಲಿ ಇದನ್ನು ಗುರುತಿಸಿ ಬರೆದಿಟ್ಟರು. ಕಾರಣ ಸಿಕ್ಕಿದ್ದು 1963ರಲ್ಲಿ: ರಕ್ತದಲ್ಲಿ ಸಿ1 ಇನ್‌ಹಿಬಿಟರ್ ಎಂಬ ಪ್ರೋಟೀನಿನ ಕೊರತೆ. ಅದು ಕಡಿಮೆಯಾದರೆ ಬ್ರಾಡಿಕೈನಿನ್ ಎಂಬ ರಾಸಾಯನಿಕ ಹೆಚ್ಚಿ, ಸಣ್ಣ ರಕ್ತನಾಳಗಳಿಂದ ನೀರು ಸೋರುತ್ತದೆ. ಕರುಳು ಊದಿದಾಗ ಅಪೆಂಡಿಕ್ಸ್ ಎಂದು ಭಾವಿಸಿ ಹೊಟ್ಟೆ ಕುಯ್ದದ್ದೂ ಉಂಟು. ಗಂಟಲು ಊದಿದರೆ ಉಸಿರೇ ಕಟ್ಟಬಹುದು.

ವರ್ಷಕ್ಕೆ ಎಷ್ಟು ಸಲ ಊದಿತು ಎಂದು ಎಣಿಸುವುದು ಸುಲಭ. ಆದರೆ ಆ ಎಣಿಕೆಯಲ್ಲಿ ಊತವಿಲ್ಲದ ದಿನಗಳೆಲ್ಲ ಆರೋಗ್ಯದ ದಿನಗಳಾಗಿಬಿಡುತ್ತವೆ. ನಿಜಕ್ಕೂ ಹಾಗಿದೆಯೇ? ನಾಳೆ ಮಗಳ ನಿಶ್ಚಿತಾರ್ಥ, ಇವತ್ತು ರಾತ್ರಿ ಮುಖ ಊದಿದರೆ? ಒತ್ತಡವೂ ಊತಕ್ಕೆ ಒಂದು ಕಾರಣ. ಹೆದರಿದರೆ ಬರುತ್ತದೆಂದು ಹೆದರುವ ಪಾಡು. ಹಲ್ಲು ಕೀಳಿಸಿದರೂ ಗಂಟಲು ಊದಬಹುದು ಎಂದು ಹುಳುಕು ಹಲ್ಲನ್ನೇ ಇಟ್ಟುಕೊಳ್ಳುವವರಿದ್ದಾರೆ.

ಈ ಬದುಕನ್ನು ಅಳೆಯಲು ಬರ್ಲಿನ್ನಿನ ವೈದ್ಯರು 17 ಪ್ರಶ್ನೆಗಳ ಪಟ್ಟಿಯೊಂದನ್ನು ಸಿದ್ಧಪಡಿಸಿ 2012ರಲ್ಲಿ ಪ್ರಕಟಿಸಿದರು. ಕಳೆದ ನಾಲ್ಕು ವಾರಗಳಲ್ಲಿ ಕೆಲಸಕ್ಕೆ ತೊಂದರೆಯಾಯಿತೇ, ರಾತ್ರಿ ಎಚ್ಚರವಾಯಿತೇ, ಜನರೆದುರು ಹೋಗಲು ನಾಚಿಕೆಯಾಯಿತೇ, ಮತ್ತೆ ಊದೀತೆಂಬ ಅಂಜಿಕೆ ಇದೆಯೇ ಎಂದೆಲ್ಲ ಕೇಳುತ್ತದೆ. ಸ್ಪೇನ್, ಜರ್ಮನಿ, ಡೆನ್ಮಾರ್ಕ್ ರೋಗಿಗಳನ್ನು ಮಾತನಾಡಿಸಿದ ಅಧ್ಯಯನದಲ್ಲೂ ಊತಗಳ ನಡುವಿನ ದಿನಗಳ ಆತಂಕವೇ ಎದ್ದು ಕಂಡಿತು. ಸ್ಪೇನಿನಲ್ಲಿ ಮೊದಲಾದ, 25 ಪ್ರಶ್ನೆಗಳ ಇನ್ನೊಂದು ಪಟ್ಟಿ ಮಕ್ಕಳ ಬಗೆಗಿನ ಚಿಂತೆಯನ್ನೂ ಕೇಳುತ್ತದೆ. ಕೇಳಲೇಬೇಕು; ತಂದೆ ತಾಯಿಯರಲ್ಲಿ ಒಬ್ಬರಿಗಿದ್ದರೂ ಪ್ರತಿ ಮಗುವಿಗೂ ಬರುವ ಸಂಭವ ಅರ್ಧಕ್ಕರ್ಧ.

ಆದರೂ ನನಗೊಂದು ತಕರಾರಿದೆ. ಆ 17 ಪ್ರಶ್ನೆಗಳಲ್ಲಿ ಔಷಧಿಗೆ ದುಡ್ಡು ಎಲ್ಲಿಂದ ಎಂಬ ಪ್ರಶ್ನೆಯಿಲ್ಲ. ಭಾರತದಲ್ಲಿ ಬಹುಕಾಲ ಗತಿಯಾಗಿದ್ದದ್ದು ಡಾನಜೋಲ್, ಟ್ರಾನೆಕ್ಸಾಮಿಕ್ ಆಸಿಡ್ ಮಾತ್ರೆಗಳು, ತುರ್ತಿಗೆ ಪ್ಲಾಸ್ಮಾ, ಅಂದರೆ ದಾನಿಗಳ ರಕ್ತದ ದ್ರವಭಾಗ. ಗಂಡು ಹಾರ್ಮೋನಿನಂಥ ಔಷಧಿಯಾದ ಡಾನಜೋಲ್ ಹೆಣ್ಣುಮಕ್ಕಳಿಗೆ ಮೀಸೆ ಗಡ್ಡದ ಕೂದಲು ತರಬಹುದು, ಮುಟ್ಟು ತಪ್ಪಿಸಬಹುದು. ಗರ್ಭಿಣಿಯರಿಗೆ ಅದನ್ನು ಕೊಡುವಂತಿಲ್ಲ. ಊತ ಕಡಿಮೆಯಾಯಿತೆಂದು ಡಾಕ್ಟರು ಸಂತೋಷಪಟ್ಟರೂ, ಕನ್ನಡಿ ಮುಂದೆ ನಿಂತವಳ ಉತ್ತರ ಬೇರೆಯೇ ಇದ್ದೀತು. ಗಂಡಿನ ಕಡೆಯವರಿಗೆ ಇದನ್ನು ಹೇಳುವುದೋ ಬಿಡುವುದೋ ಎಂಬ ಸಂಕಟವನ್ನು ಬರ್ಲಿನ್ನಿನ ಪಟ್ಟಿಯಲ್ಲಿ ಎಲ್ಲಿ ಬರೆಯುವುದು?

ಮತ್ತೆ ಮತ್ತೆ ಊದುತ್ತಿದ್ದು, ತುರಿಕೆಯಿಲ್ಲದೆ, ಅಲರ್ಜಿ ಮಾತ್ರೆಗೂ ಇಳಿಯದಿದ್ದರೆ ಸಿ4 ಎಂಬ ಪ್ರೋಟೀನನ್ನು ಅಳೆಯುವ ರಕ್ತಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಿ. ಕಾಯಿಲೆ ಖಚಿತವಾದರೆ ಒಡಹುಟ್ಟಿದವರಿಗೂ ಮಕ್ಕಳಿಗೂ ಪರೀಕ್ಷೆ ಮಾಡಿಸಿ. ಹಲ್ಲಿನ ಡಾಕ್ಟರಿಗಂತೂ ಕುರ್ಚಿಯಲ್ಲಿ ಕೂರುವ ಮೊದಲೇ ಹೇಳಿ. ಗಂಟಲು ಬಿಗಿದಂತಾದರೆ ಕಾಯಬೇಡಿ, ಆಸ್ಪತ್ರೆಗೆ ಹೊರಡಿ.