ಕೊಂಡಿಟ್ಟ ಪುಸ್ತಕಗಳನ್ನು ಓದುವ ಬಗೆ

ಓದುಗ ಬಂಧುಗಳೇ, ನಮಸ್ಕಾರ.

ನಮ್ಮ ಮಂಡ್ಯ ಮೂರು ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನಗಳನ್ನು ಕಂಡ ಊರು. 1974ರಲ್ಲಿ ಜಯದೇವಿತಾಯಿ ಲಿಗಾಡೆ, 1994ರಲ್ಲಿ ಚದುರಂಗ, 2024ರ ಡಿಸೆಂಬರಿನಲ್ಲಿ ಗೊ.ರು. ಚನ್ನಬಸಪ್ಪ ಅಧ್ಯಕ್ಷರಾಗಿದ್ದರು. ಸಮ್ಮೇಳನ ಎಂದರೆ ಪುಸ್ತಕ ಮಳಿಗೆ, ಮಳಿಗೆ ಎಂದರೆ ತುಂಬಿದ ಕೈಚೀಲ. ಅದಕ್ಕೆ ವರ್ಷಾ ವರ್ಷಾ ಮೈಸೂರು ದಸರೆಯಲ್ಲಿ ಕೊಂಡದ್ದು, ನವೆಂಬರಿನ ರಿಯಾಯಿತಿಯಲ್ಲಿ ಕೊಂಡದ್ದು ಸೇರುತ್ತವೆ. 2021ರ ಆಗಸ್ಟಿನಲ್ಲಿ, ಸರ್ಕಾರಿ ಸಮಾರಂಭಗಳಲ್ಲಿ ಹಾರ, ತುರಾಯಿ ಬೇಡ, ಬೇಕಾದರೆ ಕನ್ನಡ ಪುಸ್ತಕ ಕೊಡಿ ಎಂಬ ಸುತ್ತೋಲೆ ಹೊರಟಿತು. ಹಾಗೆ ಉಡುಗೊರೆಯಾಗಿ ಬಂದವೂ ಅದೇ ಬೀರುವಿನಲ್ಲಿವೆ.

ಓದುವುದಕ್ಕೆ ಮುಂಚೆಯೇ ಕೊಂಡಿಡುವುದಕ್ಕೆ ಕನ್ನಡದ ಓದುಗರಿಗೆ ನ್ಯಾಯವಾದ ಕಾರಣವಿದೆ. ಮುದ್ರಣದ ವಿವರ ಇರುವ ಪುಟ ತೆಗೆದು ನೋಡಿ. ಆಕಾರ, ಪುಟಗಳು, ಬಳಸಿದ ಕಾಗದ, ಇವುಗಳ ಜೊತೆ ‘ಪ್ರತಿಗಳು: 1000’ ಎಂದೋ ‘500’ ಎಂದೋ ಇರುತ್ತದೆ. ಅಷ್ಟು ಮುಗಿದ ಮೇಲೆ ಮರುಮುದ್ರಣ ಆದರೆ ಆಯಿತು, ಇಲ್ಲದಿದ್ದರೆ ಇಲ್ಲ. ಸಿಕ್ಕಾಗ ಕೊಂಡವರು ಬುದ್ಧಿವಂತರೇ. ತೊಡಕು ಬರುವುದು ಕೊಂಡ ಮೇಲೆ. ಕಾದಂಬರಿ, ಷಟ್ಪದಿ ಕಾವ್ಯ, ನಿಘಂಟು, ಅಭಿನಂದನಾ ಗ್ರಂಥ ಎಲ್ಲವನ್ನೂ ‘ಓದದೆ ಉಳಿದವು’ ಎಂದು ಒಂದೇ ಲೆಕ್ಕಕ್ಕೆ ಹಾಕಿ, ಎಲ್ಲವನ್ನೂ ಒಂದೇ ರೀತಿ ಓದಲು ಕೂರುತ್ತೇವೆ. ಒಂದೊಂದು ಬಗೆಯ ಪುಸ್ತಕಕ್ಕೆ ಒಂದೊಂದು ವೇಗ, ಒಂದೊಂದು ಕ್ರಮ ಉಂಟು. ಇವತ್ತು ಅದನ್ನೇ ಸ್ವಲ್ಪ ವಿವರವಾಗಿ ನೋಡೋಣ.

ಮೊದಲು ಎಣಿಕೆ. 70 ಜಿಎಸ್‌ಎಂ ಮ್ಯಾಪ್‌ಲಿತೋ, ಅಂದರೆ ಪುಸ್ತಕಗಳಿಗೆ ಸಾಮಾನ್ಯವಾಗಿ ಬಳಸುವ ಕಾಗದದ 200 ಪುಟಗಳ ಪುಸ್ತಕ ಹೆಚ್ಚುಕಡಿಮೆ 1 ಸೆಂಟಿಮೀಟರ್ ದಪ್ಪ. ಮೂರು ಅಡಿ ಅಗಲದ ಒಂದು ಖಾನೆಯಲ್ಲಿ ಅಂಥವು 80–90 ಹಿಡಿಯುತ್ತವೆ. ನಾಲ್ಕು ಖಾನೆಯ ಬೀರು ತುಂಬಿದ್ದರೆ 300ರ ಮೇಲೆ ಇವೆ ಎಂದಾಯಿತು. ಒಂದು ದಿನಕ್ಕೆ ಒಂದೇ ಖಾನೆ ಇಳಿಸಿ. ನಾಲ್ಕನ್ನೂ ಒಟ್ಟಿಗೆ ಇಳಿಸಿದರೆ ಸಂಜೆಯ ಹೊತ್ತಿಗೆ ದಣಿದು, ಧೂಳು ಒರೆಸಿ ಹಾಗೇ ಮೇಲಿಡುವುದಾಗುತ್ತದೆ. ಒಂದು ನೋಟ್‌ಬುಕ್ಕಿನಲ್ಲಿ ಪುಸ್ತಕದ ಹೆಸರು, ಒಟ್ಟು ಪುಟ, ಎಲ್ಲಿಯವರೆಗೆ ಓದಿದೆ, ಏಕೆ ತಂದದ್ದು, ಇಷ್ಟು ಬರೆಯಿರಿ. ‘ಏಕೆ ತಂದದ್ದು’ ಎಂಬ ಅಂಕಣವನ್ನು ಬಿಡಬೇಡಿ. ಅಲ್ಲಿ ಬರೆಯಲು ಏನೂ ತೋಚದ ಪುಸ್ತಕ ಬೇರೆ ಮನೆ ಸೇರಬೇಕಾದದ್ದು.

ಆಮೇಲೆ ನಿಮ್ಮ ವೇಗ. ಗಡಿಯಾರ ಇಟ್ಟುಕೊಂಡು ಹದಿನೈದು ನಿಮಿಷ ಕಾದಂಬರಿ ಓದಿ, ಇನ್ನೊಂದು ದಿನ ಅಷ್ಟೇ ಹೊತ್ತು ವಿಮರ್ಶೆ, ಮತ್ತೊಂದು ದಿನ ಹಳೆಯ ಕಾವ್ಯ. ಮೂರೂ ಬೇರೆ ಬೇರೆ ಬರುತ್ತವೆ. ಡೆಮಿ 1/8 ಆಕಾರದ, ಅಂದರೆ ಸಾಮಾನ್ಯ ಕಾದಂಬರಿಯ ಅಳತೆಯ ಒಂದು ಪುಟಕ್ಕೆ ಎರಡೂವರೆ ನಿಮಿಷ ಹಿಡಿಯಿತು ಎನ್ನಿ. ದಿನಕ್ಕೆ ಅರ್ಧ ಗಂಟೆಗೆ 12 ಪುಟ, ತಿಂಗಳಿಗೆ 360, ಅಂದರೆ 240 ಪುಟಗಳ ಪುಸ್ತಕ ಒಂದೂವರೆ, ವರ್ಷಕ್ಕೆ 18. ವರ್ಷಕ್ಕೆ 40 ಕೊಳ್ಳುವ ಮನೆಯಲ್ಲಿ ಪ್ರತಿವರ್ಷ 22 ಹೆಚ್ಚುತ್ತಾ ಹೋಗುತ್ತವೆ. ಹೊಸದೊಂದೂ ಕೊಳ್ಳದಿದ್ದರೂ 300 ಪುಸ್ತಕಕ್ಕೆ ಹದಿನಾರು ವರ್ಷ ಮೀರುತ್ತದೆ. ಈ ಲೆಕ್ಕ ಹಾಕಿದವರಿಗೆ ವಿಂಗಡಣೆ ಏಕೆ ಬೇಕೆಂದು ಬೇರೆ ಹೇಳಬೇಕಾಗಿಲ್ಲ.

ವಿಂಗಡಿಸುವಾಗ ಆಕರ ಗ್ರಂಥಗಳನ್ನು ಮೊದಲು ಪಟ್ಟಿಯಿಂದ ಹೊರಗೆ ತೆಗೆಯಿರಿ. ಸಾಹಿತ್ಯ ಪರಿಷತ್ತಿನ ಕನ್ನಡ ನಿಘಂಟಿನ ಎಂಟು ಸಂಪುಟ, ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದ ಹದಿನಾಲ್ಕು ಸಂಪುಟ, ಇವನ್ನು ಮೊದಲಿಂದ ಕೊನೆಯವರೆಗೆ ಯಾರೂ ಓದುವುದಿಲ್ಲ, ಓದಬೇಕಾಗಿಯೂ ಇಲ್ಲ. ಇವು ಕುಳಿತಲ್ಲಿಂದ ಕೈಗೆಟುಕಬೇಕು, ಅಷ್ಟೇ. ಮೇಲಿನ ಖಾನೆಯಲ್ಲಿಟ್ಟರೆ ಯಾರೂ ಏಣಿ ಹಾಕಿ ಅರ್ಥ ನೋಡುವುದಿಲ್ಲ.

ಅಭಿನಂದನಾ ಗ್ರಂಥಗಳು ನಮ್ಮ ಬೀರುಗಳ ದೊಡ್ಡ ಭಾರ. 500–600 ಪುಟ, ಗಟ್ಟಿ ರಟ್ಟು, ಒಂದೊಂದೂ ಎರಡು ಮೂರು ಪುಸ್ತಕದ ಜಾಗ. ಇವುಗಳ ಒಳಗಿನ ರಚನೆ ಬಹುಮಟ್ಟಿಗೆ ಒಂದೇ. ಮೊದಲು ವ್ಯಕ್ತಿಯ ಬಗ್ಗೆ ಒಡನಾಡಿಗಳ ಲೇಖನಗಳು, ನಡುವೆ ಅವರ ಕೃತಿಗಳ ಪರಿಚಯ, ಕೊನೆಗೆ ಅವರ ಕ್ಷೇತ್ರದ ಬಗ್ಗೆ ವಿದ್ವಾಂಸರ ಬಿಡಿ ಲೇಖನಗಳು. ಬೆಲೆ ಬಾಳುವುದು ಆ ಕೊನೆಯ ಭಾಗ. ಪರಿವಿಡಿಯಲ್ಲಿ ನಾಲ್ಕೈದು ಲೇಖನ ಗುರುತು ಮಾಡಿ ಓದಿ, ಅವುಗಳ ಹೆಸರು ಮತ್ತು ಪುಟಸಂಖ್ಯೆಯನ್ನು ನೋಟ್‌ಬುಕ್ಕಿಗೆ ಹತ್ತಿಸಿ. ಆ ಗ್ರಂಥ ಓದಿದ್ದಾಯಿತು ಎಂದು ಧೈರ್ಯವಾಗಿ ಬರೆದುಕೊಳ್ಳಿ.

ಕಾದಂಬರಿಗೆ ಬರೋಣ. ಹೊಸಗನ್ನಡ ಕಾದಂಬರಿಯ ಮುನ್ನುಡಿಯನ್ನು ಮೊದಲು ಓದಬೇಡಿ. ಮುನ್ನುಡಿ ಬರೆದವರು ಕಥೆ ಗೊತ್ತಿದೆ ಎಂದುಕೊಂಡೇ ಬರೆದಿರುತ್ತಾರೆ. ಅರಿಕೆ, ಪ್ರಕಾಶಕರ ಮಾತು, ಮುನ್ನುಡಿ ಸೇರಿ ಮೂವತ್ತು ಪುಟ ಕಳೆಯುವಷ್ಟರಲ್ಲಿ ಕಥೆಯ ಕೊನೆಯೂ ತಿಳಿದಿರುತ್ತದೆ, ನಿಮ್ಮ ಮೊದಲ ದಿನದ ಹುರುಪೂ ಮುಗಿದಿರುತ್ತದೆ. ಅವೆಲ್ಲ ಕಾದಂಬರಿ ಮುಗಿದ ಮೇಲೆ ಓದುವುದಕ್ಕೆ ಚೆನ್ನ. ಹಳಗನ್ನಡ ಕಾವ್ಯದಲ್ಲಿ ಇದು ತಿರುಗುಮುರುಗು. ಅಲ್ಲಿ ಸಂಪಾದಕರ ಪೀಠಿಕೆ ಮತ್ತು ಕಥಾಸಾರ ಮೊದಲು ಓದದಿದ್ದರೆ ಹತ್ತು ಪದ್ಯ ದಾಟುವುದೂ ಕಷ್ಟ.

ಕಾದಂಬರಿ ನಡುವಿನಲ್ಲಿ ನಿಲ್ಲುವುದು ಬೇಸರದಿಂದ ಎಂದು ಎಲ್ಲರೂ ಭಾವಿಸುತ್ತಾರೆ. ಹೆಚ್ಚು ಸಲ ಅದು ನಿಲ್ಲುವುದು ಮರೆವಿನಿಂದ. ಮದುವೆ ಮನೆ, ಪರೀಕ್ಷೆ, ಕಬ್ಬು ಕಟಾವು ಎಂದು ಹತ್ತು ದಿನ ಬಿಟ್ಟು ಬಂದರೆ ಯಾರು ಯಾರ ಸೊಸೆ, ಯಾರಿಗೆ ಯಾರ ಮೇಲೆ ಸಿಟ್ಟು ಎಂಬುದು ನೆನಪಿರುವುದಿಲ್ಲ. ಮೊದಲಿಂದ ಶುರು ಮಾಡಲು ಮನಸ್ಸು ಬಾರದೆ ಪುಸ್ತಕ ಮತ್ತೆ ಬೀರು ಸೇರುತ್ತದೆ. ಇದಕ್ಕೆ ಪರಿಹಾರ ಒಂದು ಚೀಟಿ. ಅಂಗೈ ಅಗಲದ ದಪ್ಪ ಕಾಗದವನ್ನೇ ಪುಟದ ಗುರುತಿಗೆ ಇಟ್ಟು, ಒಂದು ಬದಿಯಲ್ಲಿ ಪಾತ್ರಗಳ ಹೆಸರು ಮತ್ತು ನೆಂಟಸ್ತಿಕೆ, ಇನ್ನೊಂದು ಬದಿಯಲ್ಲಿ ಪ್ರತಿ ದಿನ ನಿಲ್ಲಿಸಿದ ಜಾಗದ ಬಗ್ಗೆ ಒಂದೇ ಸಾಲು ಬರೆಯಿರಿ. ಕುವೆಂಪು ಅವರ ಮಲೆನಾಡಿನ ಕಾದಂಬರಿಗಳಂಥ ಜನದಟ್ಟಣೆಯ ಕೃತಿಗಳಿಗೆ, ಯಾವ ಮನೆಯವರು ಯಾರು ಎಂದು ಮನೆಮನೆಯಾಗಿ ಬರೆದುಕೊಂಡರೆ ನೂರು ಪುಟದೊಳಗೆ ಹಾದಿ ಸ್ಪಷ್ಟವಾಗುತ್ತದೆ. ಮೊದಲ ಪುಸ್ತಕವಾಗಿ ಅತಿ ದಪ್ಪದ್ದನ್ನು ಎತ್ತಿಕೊಳ್ಳಬೇಡಿ. ಇದೇ ಮಂಡ್ಯದಲ್ಲಿ ಹುಟ್ಟಿದ ತ್ರಿವೇಣಿಯವರ ಕಾದಂಬರಿಗಳ ಅಳತೆಯವು ಎರಡು ಮೂರು ಮುಗಿದರೆ ಕೈ ಕುದುರುತ್ತದೆ. 40 ಪುಟ ಓದಿಯೂ ಮುಂದಿನ ಪುಟ ಬೇಕೆನಿಸದಿದ್ದರೆ ‘ಸದ್ಯಕ್ಕೆ ಬೇಡ’ ಎಂದು ಬರೆದು ತೆಗೆದಿಡಿ. ಹಾಗೆ ಬರೆಯದೆ ಸುಮ್ಮನೆ ಬಿಟ್ಟದ್ದೇ ಮನಸ್ಸಿಗೆ ಚುಚ್ಚುತ್ತಿರುತ್ತದೆ.

ಕಥಾಸಂಕಲನ, ಪ್ರಬಂಧ, ಕವನ ಸಂಕಲನಗಳಿಗೆ ಕ್ರಮದ ಹಂಗಿಲ್ಲ. ಇವನ್ನು ರೈಲಿಗೆ ಇಟ್ಟುಕೊಳ್ಳಿ. ಮಂಡ್ಯದಿಂದ ಮೈಸೂರಿಗೆ ಹೋಗುವಷ್ಟರಲ್ಲಿ ಒಂದೆರಡು ಕಥೆ ಮುಗಿಯುತ್ತವೆ.

ಈಗ ಎಲ್ಲರೂ ಭಕ್ತಿಯಿಂದ ಕೊಂಡು ಭಯದಿಂದ ಬದಿಗಿಟ್ಟ ಪುಸ್ತಕ: ಕುಮಾರವ್ಯಾಸ ಭಾರತ. ಹತ್ತು ಪರ್ವ, ಸುಮಾರು 150 ಸಂಧಿ (ಅಧ್ಯಾಯ), 8,000ಕ್ಕೂ ಹೆಚ್ಚು ಪದ್ಯ. ಇದರ ಓದು ನಡುವೆ ನಿಲ್ಲುವುದು ಒಂದೇ ಕಾರಣಕ್ಕೆ, ಬರೀ ಕಣ್ಣಿನಲ್ಲಿ ಓದುವುದರಿಂದ. ಇದು ಬಾಯಿಗೆ, ಕಿವಿಗೆ ಬರೆದ ಕಾವ್ಯ. ಭಾಮಿನಿ ಷಟ್ಪದಿಯ ಆರು ಸಾಲುಗಳಲ್ಲಿ ಒಂದು, ಎರಡು, ನಾಲ್ಕು, ಐದನೆಯ ಸಾಲಿಗೆ 3, 4, 3, 4 ಎಂದು ಹದಿನಾಲ್ಕು ಮಾತ್ರೆ. ಮೂರನೆಯ ಮತ್ತು ಆರನೆಯ ಸಾಲು ಅದನ್ನು 3, 4, 3, 4, 3, 4 ಎಂದು ಬೆಳೆಸಿ ಕೊನೆಗೆ ಒಂದು ಗುರುವಿನಲ್ಲಿ ನಿಲ್ಲುತ್ತದೆ, ಒಟ್ಟು 23. ಮೂರು ನಾಲ್ಕು, ಮೂರು ನಾಲ್ಕು ಎಂಬ ಈ ನಡೆ ನಾಲಿಗೆಗೆ ಹತ್ತುವವರೆಗೆ ಅರ್ಥದ ಗೊಡವೆ ಬೇಡ. ನಿಲುಗಡೆ ಮೂರನೆಯ ಮತ್ತು ಆರನೆಯ ಸಾಲಿನ ಕೊನೆಯಲ್ಲಿ. ಪ್ರತಿ ಸಾಲಿಗೂ ನಿಂತರೆ ಓಟ ಮುರಿದು ಪದ್ಯ ಬಿಡಿ ಪದಗಳಾಗಿ ಕಾಣುತ್ತದೆ.

ಮೊದಲು ಸಂಧಿಯ ಆರಂಭದ ಸೂಚನೆ ಓದಿ, ಮುಂದೆ ನಡೆಯುವುದೇನು ಎಂದು ಅದೇ ಹೇಳುತ್ತದೆ. ಬಳಿಕ ಹತ್ತು ಪದ್ಯ ಗಟ್ಟಿಯಾಗಿ, ಎಲ್ಲೂ ನಿಲ್ಲದೆ. ಎರಡನೆಯ ಸಲ ಪೆನ್ಸಿಲ್ ಹಿಡಿದು, ಸಂಧಿಯಾಗಿ ಅಂಟಿಕೊಂಡ ಪದಗಳ ನಡುವೆ ಸಣ್ಣ ಗೀಟು ಹಾಕುತ್ತಾ ಬನ್ನಿ. ಅರ್ಧ ತೊಡಕು ಪದ ಬಿಡಿಸಿದ ಕೂಡಲೇ ಹೋಗುತ್ತದೆ. ಗೊತ್ತಿಲ್ಲದ ಪ್ರತಿ ಪದಕ್ಕೂ ನಿಘಂಟು ತೆಗೆಯಬೇಡಿ. ಮೂರು ಸಲ ಎದುರಾದ ಪದವನ್ನು ಮಾತ್ರ ನೋಡಿ ಬರೆದಿಡಿ. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ‘ಭಾರತವಾಣಿ’ಯಲ್ಲಿ ನಿಘಂಟುಗಳು ಫೋನಿನಲ್ಲೇ ಸಿಗುತ್ತವೆ, ಆದರೆ ಅದನ್ನು ಓದು ಮುಗಿದ ಮೇಲೆ ತೆರೆಯಿರಿ. ನಡುವೆ ಕೈಗೆ ಬಂದ ಫೋನು ನಿಘಂಟಿನಲ್ಲಿ ನಿಲ್ಲುವುದಿಲ್ಲ.

ಆದಿಪರ್ವದಿಂದಲೇ ಆರಂಭಿಸಬೇಕೆಂಬ ಕಟ್ಟಳೆ ಇಲ್ಲ. ವಿರಾಟಪರ್ವದಿಂದ ಶುರು ಮಾಡಿ. ಕೀಚಕ, ಉತ್ತರ, ಗೋಗ್ರಹಣ ಎಲ್ಲರಿಗೂ ಗೊತ್ತಿರುವ ಕಥೆ, ಆದ್ದರಿಂದ ಗಮನವೆಲ್ಲ ಮಾತಿನ ಮೇಲೆ ಇರುತ್ತದೆ. ಮಳೆ ಕೈಕೊಟ್ಟಾಗ ಹಳ್ಳಿಗಳಲ್ಲಿ ಓದಿಸುತ್ತಿದ್ದದ್ದೂ ಇದೇ ಪರ್ವ. 50–60 ಪದ್ಯದ ಸಂಧಿಗೆ ಗಟ್ಟಿ ಓದಿನಲ್ಲಿ ಅರ್ಧ ಗಂಟೆ ಸಾಕು. ವಾರಕ್ಕೆ ಮೂರು ಸಂಧಿ ಹಿಡಿದರೆ ಇಡೀ ಕಾವ್ಯ ಒಂದು ವರ್ಷದ ಕೆಲಸ. ಇಬ್ಬರು ಸರದಿಯಲ್ಲಿ ಓದಿದರೆ ಇನ್ನೂ ಒಳ್ಳೆಯದು. ಅಜ್ಜಿಯೋ ಅತ್ತೆಯೋ ಪಕ್ಕದಲ್ಲಿ ಕೂತು ಕೇಳುವವರಿದ್ದರೆ ಓದು ತಪ್ಪುವುದಿಲ್ಲ. ಜೈಮಿನಿ ಭಾರತಕ್ಕೆ ಇದೇ ಧಾಟಿ ಹಚ್ಚಬೇಡಿ. ಅದು ವಾರ್ಧಕ ಷಟ್ಪದಿ, ಐದೈದು ಮಾತ್ರೆಯ ನಡೆ, 34 ಸಂಧಿ.

ಶ್ರೀ ರಾಮಾಯಣ ದರ್ಶನಂ ಇಟ್ಟುಕೊಂಡವರಿಗೆ ಲೆಕ್ಕ ಸುಲಭ. 50 ಸಂಚಿಕೆ, 22,291 ಸಾಲು. ವಾರಕ್ಕೆ ಒಂದು ಸಂಚಿಕೆ, ದಿನಕ್ಕೆ ಸುಮಾರು 75 ಸಾಲಿನಂತೆ ಆರು ದಿನ, ಏಳನೆಯ ದಿನ ಬಿಡುವು. ಇಲ್ಲಿ ಎಡವುವುದು ಸಾಲಿನ ಕೊನೆಯಲ್ಲಿ ನಿಂತಾಗ. ಈ ಮಹಾಛಂದಸ್ಸಿನಲ್ಲಿ ವಾಕ್ಯ ಸಾಲನ್ನು ದಾಟಿ ಹರಿಯುತ್ತದೆ. ಸಾಲು ಮುಗಿದಲ್ಲಿ ನಿಲ್ಲದೆ ವಿರಾಮ ಚಿಹ್ನೆ ಇರುವಲ್ಲಿ ಉಸಿರು ತೆಗೆದುಕೊಳ್ಳಿ, ಉದ್ದದ ಉಪಮೆಗಳು ತಾವಾಗಿ ಬಿಡಿಸಿಕೊಳ್ಳುತ್ತವೆ.

ಏಕಕಾಲಕ್ಕೆ ಮೂರಕ್ಕಿಂತ ಹೆಚ್ಚು ಪುಸ್ತಕ ತೆರೆದಿಡಬೇಡಿ. ಗಟ್ಟಿ ಓದಿಗೆ ಒಂದು, ರಾತ್ರಿಗೆ ಒಂದು, ಪ್ರಯಾಣಕ್ಕೆ ಒಂದು. ಆ ಮೂರೂ ಬೀರುವಿನಿಂದ ಹೊರಗೆ, ಕಣ್ಣಿಗೆ ಬೀಳುವ ಜಾಗದಲ್ಲಿರಲಿ.

ಬಹಳ ಕಾಲ ಮುಚ್ಚಿಟ್ಟ ಪುಸ್ತಕ ತೆರೆಯುವುದಕ್ಕೂ ಒಂದು ಬಗೆಯಿದೆ. ಅಂಟಿನ ಬೈಂಡಿಂಗಿನಲ್ಲಿ ಹತ್ತು ಹದಿನೈದು ವರ್ಷಕ್ಕೆ ಅಂಟು ಗಡುಸಾಗುತ್ತದೆ. ನಟ್ಟನಡುವೆ ತೆರೆದು ಒತ್ತಿದರೆ ಬೆನ್ನು ಬಿರಿದು ಹಾಳೆ ಕಳಚುತ್ತವೆ. ಪುಸ್ತಕದ ಬೆನ್ನು ಮೇಜಿಗೆ ತಾಗುವಂತೆ ಹಿಡಿದು, ಎರಡೂ ರಕ್ಷಾಪುಟ ಮಲಗಿಸಿ, ಮುಂದಿನಿಂದ ಹತ್ತು ಹಾಳೆ, ಹಿಂದಿನಿಂದ ಹತ್ತು ಹಾಳೆ ಎಂದು ಮೆಲ್ಲಗೆ ಸವರುತ್ತಾ ನಡುವಿಗೆ ಬನ್ನಿ. ನಾಲೆ ಬಯಲಿನ ಮನೆಗಳಲ್ಲಿ ಗೋಡೆಯ ತೇವ ಹೆಚ್ಚು. ಬೀರು ಗೋಡೆಯಿಂದ ಎರಡು ಇಂಚು ಈಚೆಗಿರಲಿ. ನುಸಿಗುಳಿಗೆ ಗೆದ್ದಲನ್ನು ತಡೆಯುವುದಿಲ್ಲ. ಹುಳು ಬಿದ್ದ ಪುಸ್ತಕವನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಎರಡು ವಾರ ಫ್ರೀಜರಿನಲ್ಲಿಡಿ. ಹೊರಗೆ ತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬೇಡಿ, ಬಿಚ್ಚಿದರೆ ಹಾಳೆಯ ಮೇಲೆ ನೀರು ಕೂರುತ್ತದೆ.

ಕೊಡುವ ಪುಸ್ತಕಗಳಿಗೆ ನಿಮ್ಮ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರ, ಅಂದರೆ ಅಲ್ಲಿನ ಗ್ರಂಥಾಲಯ, ಹತ್ತಿರದ ಜಾಗ. ಮೂಟೆ ಕಟ್ಟಿಕೊಂಡು ಹೋಗಿ ಇಳಿಸಬೇಡಿ. ಮೊದಲು ಹೆಸರಿನ ಪಟ್ಟಿ ಕೊಟ್ಟು, ಬೇಕಾದದ್ದನ್ನು ಅವರೇ ಆರಿಸಲಿ. ಮಕ್ಕಳ ಪುಸ್ತಕ, ಕಥೆ, ಕಾದಂಬರಿಗೆ ಓದುಗರು ಬೇಗ ಸಿಗುತ್ತಾರೆ. ಹಳೆಯ ಪಠ್ಯಕ್ರಮದ ಗೈಡುಗಳು ರದ್ದಿಗೆ ಹೋಗಲಿ.

ಕೊಳ್ಳುವ ವಿಷಯ. ಬೇಡ ಎಂದು ಹೇಳುವುದಿಲ್ಲ, ನೀವು ಕೊಳ್ಳುವುದರಿಂದಲೇ ಕನ್ನಡ ಪ್ರಕಾಶನ ಉಸಿರಾಡುತ್ತಿದೆ. ಮಳಿಗೆಯಲ್ಲಿ ಪುಸ್ತಕ ಕೈಗೆ ಬಂದಾಗ ಆ ಮುದ್ರಣ ವಿವರದ ಪುಟವನ್ನೇ ನೋಡಿ. ಏಳನೆಯದೋ ಹತ್ತನೆಯದೋ ಮುದ್ರಣ ಎಂದಿದ್ದರೆ ಮುಂದಿನ ವರ್ಷವೂ ಸಿಗುತ್ತದೆ, ಹೆಸರು ಬರೆದುಕೊಂಡು ಬನ್ನಿ. ಮೊದಲ ಮುದ್ರಣ, 500 ಪ್ರತಿ, ಸಣ್ಣ ಪ್ರಕಾಶನ ಎಂದಿದ್ದರೆ ಅಲ್ಲೇ ಕೊಳ್ಳಿ. ಮುದ್ರಣ ನಿಂತ ಹಳೆಯದನ್ನು ಹೆಚ್ಚು ಬೆಲೆಗೆ ಹುಡುಕುವ ಮೊದಲು ಪಾಂಡವಪುರ ತಾಲ್ಲೂಕಿನ ಹರಳಹಳ್ಳಿಗೆ, ಅಂಕೇಗೌಡರ ಪುಸ್ತಕಮನೆಗೆ ಒಮ್ಮೆ ಹೋಗಿ ಬನ್ನಿ. ಒಬ್ಬರೇ ಕೂಡಿಸಿದ ಲಕ್ಷಾಂತರ ಪುಸ್ತಕಗಳ ನಡುವೆ ನಿಮಗೆ ಬೇಕಾದದ್ದು ಇದ್ದರೂ ಇರಬಹುದು. ಉಳಿದಂತೆ, ನೋಟ್‌ಬುಕ್ಕಿನಲ್ಲಿ ಎರಡು ಹೆಸರಿನ ಮುಂದೆ ‘ಆಯಿತು’ ಎಂದು ಬಿದ್ದ ಮೇಲೆ ಒಂದು ಹೊಸದು. ವರ್ಷಕ್ಕೆ 18 ಓದುವವರು ಒಂಬತ್ತು ಕೊಂಡರೆ, ಓದದೆ ಉಳಿದವು ವರ್ಷಕ್ಕೆ ಒಂಬತ್ತರಂತೆ ಕಡಿಮೆಯಾಗುತ್ತವೆ. ಈ ವರ್ಷದ ನವೆಂಬರಿಗೆ ಮುಂಚೆ ಒಂದು ಖಾನೆಯ ಪಟ್ಟಿ ಮುಗಿಸಿಕೊಂಡರೆ, ರಿಯಾಯಿತಿ ಮಳಿಗೆಗೆ ಆ ನೋಟ್‌ಬುಕ್ಕನ್ನೇ ಕೈಯಲ್ಲಿ ಹಿಡಿದು ಹೋಗಬಹುದು.