ಮೇಷ್ಟ್ರೇ, ವೇದಿಕೆಯಿಂದ ಇಳಿದು ಹಾಸ್ಟೆಲಿನ ಊಟಕ್ಕೆ ಬನ್ನಿ

ನಮಸ್ಕಾರ. ಹಾಸನದಿಂದ ಮಾತನಾಡುತ್ತಿದ್ದೇನೆ. ಕಾಲೇಜಿನ ಅಧ್ಯಾಪಕರು ಹಾಸ್ಟೆಲಿನ ವಿದ್ಯಾರ್ಥಿಗಳಿಗಾಗಿ ತಿಂಗಳಿಗೊಂದು ಸಂಜೆಯನ್ನಾದರೂ ತಾವೇ ಮುಂದೆ ನಿಂತು ನಡೆಸಬೇಕು ಎಂದು ಕಳೆದ ಸಂಚಿಕೆಯಲ್ಲಿ ಹೇಳಿದ್ದೆ. ಅದಕ್ಕೆ ಒಬ್ಬ ವೀಕ್ಷಕರು, ತಾವೂ ಅಧ್ಯಾಪಕರೇ ಎಂದು ಪರಿಚಯಿಸಿಕೊಂಡು, ಹೀಗೆ ಬರೆದಿದ್ದಾರೆ: “ನಮಗೆ ಸಂಬಳ ಕೊಡುವುದು ಪಾಠ ಮಾಡುವುದಕ್ಕೆ, ಹಾಸ್ಟೆಲ್ ಹುಡುಗರಿಗೆ ಮನರಂಜನೆ ಒದಗಿಸುವುದಕ್ಕಲ್ಲ.” ನನ್ನ ವಿಡಿಯೋಗಿಂತ ಆ ಕಾಮೆಂಟಿಗೇ ಹೆಚ್ಚು ಲೈಕ್ ಬಂದಿದೆ. ಆ ಹೊಟ್ಟೆಯುರಿಯೂ ಈ ಸಂಚಿಕೆಗೆ ಒಂದು ಕಾರಣವೆಂದು ನೀವು ಭಾವಿಸಿದರೆ ನಾನು ಅಲ್ಲಗಳೆಯುವುದಿಲ್ಲ.

ನಾನು ಮನರಂಜನೆಯನ್ನು ಕೇಳಿಯೇ ಇರಲಿಲ್ಲ. ನನ್ನ ಬೇಡಿಕೆ ಇಷ್ಟೇ: ಮೇಷ್ಟ್ರು ವೇದಿಕೆಯಿಂದ ಇಳಿದು ಹಾಸ್ಟೆಲಿನ ಊಟದ ಹಾಲಿಗೆ ಬರಬೇಕು, ವಿದ್ಯಾರ್ಥಿಗಳ ಪಕ್ಕದಲ್ಲಿ ಕೂತು ಉಣ್ಣಬೇಕು. ಹಾಡು, ನಾಟಕ, ಹರಟೆ, ಪ್ರವಾಸ ಎಲ್ಲವೂ ಅಲ್ಲಿಂದಾಚೆಗೆ ತಾವಾಗಿಯೇ ಹುಟ್ಟಿಕೊಳ್ಳುತ್ತವೆ.

ನಮ್ಮ ಕಡೆ ಹಾಸ್ಟೆಲಿನ ಸಾಂಸ್ಕೃತಿಕ ಕಾರ್ಯಕ್ರಮವೆಂದರೆ ಏನೆಂಬುದನ್ನು ಇಲ್ಲಿ ಓದಿದ ಯಾರಿಗೂ ವಿವರಿಸಬೇಕಾಗಿಲ್ಲ. ಆದರೂ ವಿವರಿಸುತ್ತೇನೆ, ಏಕೆಂದರೆ ಈ ವಾಹಿನಿಯನ್ನು ಬೆಂಗಳೂರಿನವರೂ ನೋಡುತ್ತಾರಂತೆ. ಕೆಲವು ತಿಂಗಳ ಹಿಂದೆ ಒಂದು ಹಾಸ್ಟೆಲ್ ದಿನಾಚರಣೆಗೆ ಹೋಗಿದ್ದೆ, ಯಾವುದೆಂಬುದು ಬೇಡ. ಐದು ಗಂಟೆಯ ಕಾರ್ಯಕ್ರಮಕ್ಕೆ ಮುಖ್ಯ ಅತಿಥಿಗಳು ಬಂದಾಗ ಗಂಟೆ ಏಳಾಗುತ್ತಿತ್ತು. ಪ್ರಾರ್ಥನೆ, ಸ್ವಾಗತ, ದೀಪ ಬೆಳಗುವಿಕೆ, ಪ್ರಾಸ್ತಾವಿಕ ನುಡಿ, ಆಮೇಲೆ ವೇದಿಕೆಯ ಮೇಲಿದ್ದ ಅಷ್ಟೂ ಮಂದಿಗೆ ಶಾಲು, ಹಾರ, ಮೈಸೂರು ಪೇಟ, ಹಣ್ಣಿನ ಬುಟ್ಟಿ. ಒಬ್ಬ ಪ್ರಾಧ್ಯಾಪಕರಿಗೆ ಪೇಟ ದೊಡ್ಡದಾಗಿ ಹುಬ್ಬಿನ ಕೆಳಗಿಳಿದು ಕಣ್ಣನ್ನೇ ಮುಚ್ಚಿತ್ತು, ಫೋಟೊ ಮುಗಿಯುವವರೆಗೂ ಅವರು ಅದನ್ನು ಒಂದು ಕೈಯಲ್ಲಿ ಎತ್ತಿಹಿಡಿದೇ ನಿಂತಿದ್ದರು. ಅತ್ತ ಸಭೆಯಲ್ಲಿ ಹಾಜರಾತಿಯ ಹಾಳೆಯೊಂದು ಕೈಯಿಂದ ಕೈಗೆ ಸಾಗುತ್ತಿತ್ತು, ಸಹಿ ಬಿದ್ದ ಸಾಲುಗಳು ಒಂದೊಂದಾಗಿ ಖಾಲಿಯಾಗುತ್ತಿದ್ದವು. ವಂದನಾರ್ಪಣೆ ಮುಗಿದದ್ದೇ ತಡ, ಅಧ್ಯಾಪಕರ ಕಾರುಗಳೆಲ್ಲ ಗೇಟು ದಾಟಿದವು. ವಿದ್ಯಾರ್ಥಿಗಳ ಕಾರ್ಯಕ್ರಮ ಶುರುವಾದದ್ದು ಆಮೇಲೆ. ಸಕಲೇಶಪುರದ ಕಡೆಯ ಹುಡುಗಿಯೊಬ್ಬಳು ತನ್ನ ಅಜ್ಜಿಯಿಂದ ಕಲಿತ ಸುಗ್ಗಿ ಹಾಡೊಂದನ್ನು ಹೇಳಿದಳು. ಜಾನಪದದ ಮೇಲೆ ಅರ್ಧ ಗಂಟೆ ಭಾಷಣ ಮಾಡಿದವರಲ್ಲಿ ಅದನ್ನು ಕೇಳಲು ಉಳಿದಿದ್ದವರು ಒಬ್ಬರೂ ಇಲ್ಲ.

ಸಂಬಳದ ಮಾತು ಬಂದಿರುವುದರಿಂದ ನಿಯಮದ ಮಾತನ್ನೇ ಆಡೋಣ. ರ‍್ಯಾಗಿಂಗ್ ತಡೆಯುವುದಕ್ಕಾಗಿ ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗ, 2009ರಲ್ಲಿ ಹೊರಡಿಸಿದ ನಿಯಮಾವಳಿಯನ್ನು ಪ್ರತಿ ಕಾಲೇಜೂ ಬಲ್ಲದು, ವರ್ಷಕ್ಕೊಮ್ಮೆ ವಿದ್ಯಾರ್ಥಿಯಿಂದಲೂ ಪೋಷಕರಿಂದಲೂ ಮುಚ್ಚಳಿಕೆ ಬರೆಸಿಕೊಳ್ಳುವುದು ಅದರ ಪ್ರಕಾರವೇ. ಆದರೆ ಅದೇ ನಿಯಮಾವಳಿ ಅಧ್ಯಾಪಕರಿಗೂ ಕೆಲಸ ಹೇಳಿದೆ. ಹೊಸಬರೂ ಹಳಬರೂ ಅಧ್ಯಾಪಕರ ಸಮ್ಮುಖದಲ್ಲಿ ಬೆರೆಯುವಂತೆ ಸಾಂಸ್ಕೃತಿಕ ಮತ್ತು ಕ್ರೀಡಾ ಚಟುವಟಿಕೆಗಳನ್ನು ನಡೆಸಬೇಕು ಎನ್ನುತ್ತದೆ, ಮತ್ತು ಹೊಸದಾಗಿ ಸೇರಿದವರಲ್ಲಿ ಧೈರ್ಯ ಮೂಡುವಂತೆ ಅಧ್ಯಾಪಕರು ಸಾಧ್ಯವಾದಷ್ಟೂ ಹಾಸ್ಟೆಲಿನಲ್ಲಿ ವಿದ್ಯಾರ್ಥಿಗಳೊಂದಿಗೆ ಊಟ ಮಾಡಬೇಕು ಎಂದೂ ಹೇಳುತ್ತದೆ. ಊಟ ಮಾಡಬೇಕು! ನಾನು ಹೇಳಿದ್ದಲ್ಲ ಸ್ವಾಮಿ, ಯುಜಿಸಿ ಹೇಳಿದ್ದು. ವಿದ್ಯಾರ್ಥಿಯ ಮುಚ್ಚಳಿಕೆ ಮಾತ್ರ ತಪ್ಪದೆ ಫೈಲಿಗೆ ಸೇರುತ್ತದೆ, ಮೇಷ್ಟ್ರ ತಟ್ಟೆ ಮಾತ್ರ ಮೆಸ್ಸಿಗೆ ಬರುವುದಿಲ್ಲ.

ಇನ್ನು ಹಾಸ್ಟೆಲಿನಲ್ಲಿ ಯಾರಿದ್ದಾರೆ ಎಂಬುದನ್ನು ನೋಡಿ. ಹಾಸನದ ವೈದ್ಯಕೀಯ, ಪಶುವೈದ್ಯಕೀಯ, ಕೃಷಿ ಕಾಲೇಜುಗಳಿಗೆ ಇಡೀ ರಾಜ್ಯದ ಮಕ್ಕಳು ಬರುತ್ತಾರೆ. ಜೋಳದ ರೊಟ್ಟಿ ತಿಂದು ಬೆಳೆದ ರಾಯಚೂರಿನ ಹುಡುಗನ ತಟ್ಟೆಗೆ ಇಲ್ಲಿ ಮೊದಲ ರಾತ್ರಿ ರಾಗಿಮುದ್ದೆ ಬೀಳುತ್ತದೆ. ಅವನು ಅದನ್ನು ಅಗಿಯುತ್ತಾನೆ, ಅದು ಹಲ್ಲಿಗೆ ಅಂಟುತ್ತದೆ, ಅಕ್ಕಪಕ್ಕದವರು ನಗುತ್ತಾರೆ. ನನಗೆ ಗೊತ್ತಿರುವ ಭೌತಶಾಸ್ತ್ರದ ಮೇಷ್ಟ್ರೊಬ್ಬರು ತಿಂಗಳಿಗೊಮ್ಮೆ ಹಾಸ್ಟೆಲಿಗೆ ಹೋಗಿ ಸಾಲಿನಲ್ಲಿ ನಿಂತು ಬಡಿಸಿಕೊಳ್ಳುತ್ತಿದ್ದರು. ಮೊದಲ ಸಲ ಅವರ ಮೇಜಿನ ಸುತ್ತ ಯಾರೂ ಕೂರಲಿಲ್ಲವಂತೆ. ಅವರು ಭಾಷಣ ಮಾಡಲಿಲ್ಲ, ಉಂಡರು, ತಟ್ಟೆಯನ್ನು ತಾವೇ ತೊಳೆದಿಟ್ಟು ಹೊರಟರು. ಮುಂದಿನ ತಿಂಗಳು ಇಂಥದೇ ಹುಡುಗನೊಬ್ಬನ ಎದುರು ಕೂತು, ಮುದ್ದೆಯನ್ನು ಮುರಿದು ಸಾರಿನಲ್ಲಿ ಅದ್ದಿ ಅಗಿಯದೆ ನುಂಗುವುದನ್ನು ತೋರಿಸಿಕೊಟ್ಟರು. ಆ ವರ್ಷ ಮುಗಿಯುವ ಹೊತ್ತಿಗೆ ಅದೇ ಹಾಲಿನಲ್ಲಿ ಬೆಂಚುಗಳನ್ನು ಗೋಡೆಗೆ ಸರಿಸಿ ವಿದ್ಯಾರ್ಥಿಗಳೇ ತತ್ವಪದಗಳನ್ನು ಹಾಡುತ್ತಿದ್ದರು. ಮೈಕ್ ಇರಲಿಲ್ಲ, ಬ್ಯಾನರ್ ಇರಲಿಲ್ಲ, ಪೇಟವಂತೂ ಇರಲೇ ಇಲ್ಲ.

“ಊರಲ್ಲಿ ಬೇಕಾದಷ್ಟು ಕಾರ್ಯಕ್ರಮಗಳು ನಡೆಯುತ್ತವಲ್ಲ, ಅಲ್ಲಿಗೆ ಹೋಗಲಿ” ಎನ್ನುವವರಿದ್ದಾರೆ. ಹೋಗಲಿ, ಬಹಳ ಸಂತೋಷ. ನಮ್ಮೂರಿನ ರಂಗಮಂದಿರವಾದ ಹಾಸನಾಂಬ ಕಲಾಕ್ಷೇತ್ರದಲ್ಲಿ ನಾಟಕದ ಮೊದಲ ಗಂಟೆ ಹೊಡೆಯುವ ಹೊತ್ತಿಗೆ ಹೆಣ್ಣುಮಕ್ಕಳ ಹಾಸ್ಟೆಲಿನ ಗೇಟಿಗೆ ಬೀಗ ಬಿದ್ದಿರುತ್ತದೆ. ಅವರು ಗೋಡೆ ಹಾರಬೇಕೇ? ಒಬ್ಬ ಅಧ್ಯಾಪಕಿ ಜೊತೆಗೆ ಬರುತ್ತೇನೆಂದು ವಾರ್ಡನ್ನರಿಗೆ ಒಂದು ಪತ್ರ ಬರೆದುಕೊಟ್ಟರೆ ಆ ಬೀಗ ತೆರೆಯುತ್ತದೆ. ಹಾಗೆಯೇ, ಬೇಲೂರು ಮತ್ತು ಹಳೇಬೀಡಿನ ದೇವಾಲಯಗಳು 2023ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದಾಗ ಪ್ರತಿ ಕಾಲೇಜಿನಲ್ಲೂ ಅಭಿಮಾನದ ಭಾಷಣಗಳಾದವು. ಹಾಸ್ಟೆಲಿನ ಮಕ್ಕಳನ್ನು ಒಂದು ಭಾನುವಾರ ಬಸ್ಸು ಹತ್ತಿಸಿ, ಬೇಲೂರಿನ ದಾರಿಯಲ್ಲಿರುವ ದೊಡ್ಡಗದ್ದವಳ್ಳಿಯಲ್ಲಿ ಇಳಿಸಿ, ಒಂದೇ ಗುಡಿಗೆ ನಾಲ್ಕು ಗರ್ಭಗುಡಿಗಳು ಏಕಿವೆ ಎಂದು ಮಾತಿಗೆ ಎಳೆದ ಇತಿಹಾಸದ ಮೇಷ್ಟ್ರು ನಿಮ್ಮ ಕಾಲೇಜಿನಲ್ಲಿ ಯಾರಾದರೂ ಇದ್ದಾರೆಯೇ? ಇದ್ದರೆ ದಯವಿಟ್ಟು ತಿಳಿಸಿ, ಅವರನ್ನು ಈ ಕಾರ್ಯಕ್ರಮಕ್ಕೆ ಕರೆಯುತ್ತೇನೆ. ಅಂದಹಾಗೆ ನೀವು ಇನ್ನೂ ಸಬ್‌ಸ್ಕ್ರೈಬ್ ಆಗಿಲ್ಲದಿದ್ದರೆ ಈಗಲೇ ಆಗಿಬಿಡಿ, ನಾನು ಕಾಯುತ್ತೇನೆ.

ಸರಿ, ಮುಂದುವರಿಯೋಣ. ಇದು ಅಮೆರಿಕದ ಶೋಕಿ ಎಂದು ಮತ್ತೊಬ್ಬರು ಬರೆದಿದ್ದಾರೆ. ಅಲ್ಲಿ ನಡೆಯುತ್ತದೆ, ನಿಜ. ಹಾರ್ವರ್ಡ್‌ನಲ್ಲಿ 1930ರಿಂದಲೂ ಯೇಲ್‌ನಲ್ಲಿ 1933ರಿಂದಲೂ ಪ್ರಾಧ್ಯಾಪಕರೊಬ್ಬರು ವಿದ್ಯಾರ್ಥಿನಿಲಯದ ಆವರಣದಲ್ಲೇ ಮನೆಮಾಡಿಕೊಂಡು, ಮಕ್ಕಳನ್ನು ಚಹಾಕ್ಕೆ ಕರೆದು, ಬಂದ ಅತಿಥಿಗಳೊಡನೆ ಮಾತಿಗೆ ಕೂರಿಸುವ ಪದ್ಧತಿಯಿದೆ. ಆದರೆ ಅದಕ್ಕೂ ಮೊದಲೇ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಕನ್ನಡ ಮೇಷ್ಟ್ರಾಗಿದ್ದ ಎ. ಆರ್. ಕೃಷ್ಣಶಾಸ್ತ್ರಿಗಳು ವಿದ್ಯಾರ್ಥಿಗಳನ್ನು ಸೇರಿಸಿಕೊಂಡು ಕರ್ನಾಟಕ ಸಂಘವನ್ನು ಕಟ್ಟಿದ್ದರು, 1919ರಲ್ಲಿ ‘ಪ್ರಬುದ್ಧ ಕರ್ಣಾಟಕ’ ಪತ್ರಿಕೆ ಹೊರಟದ್ದು ಅಲ್ಲಿಂದಲೇ. ಮುಂದೆ ಅಲ್ಲಿಯೇ ಕನ್ನಡ ಪಾಠ ಹೇಳುತ್ತಿದ್ದ ಕವಿ ಜಿ. ಪಿ. ರಾಜರತ್ನಂ ಅದೇ ಸಂಘದಲ್ಲಿ ಹುಡುಗರ ಕವಿತೆಗಳನ್ನು ತಿದ್ದಿ, ಅಚ್ಚು ಹಾಕಿಸಿ, ಒಂದು ತಲೆಮಾರನ್ನೇ ಬೆಳೆಸಿದರು. ಅವರಿಗೂ ಸಂಬಳ ಬರುತ್ತಿದ್ದದ್ದು ಪಾಠ ಮಾಡುವುದಕ್ಕೇ!

ಇನ್ನು ಉಳಿದ ಆಕ್ಷೇಪಣೆಗಳು. ಹಾಸ್ಟೆಲುಗಳಲ್ಲಿ ಬಹುಪಾಲು ಸಮಾಜ ಕಲ್ಯಾಣ ಇಲಾಖೆಗೋ ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಗೋ ಸೇರಿದವು, ಅಲ್ಲಿಗೆ ಕಾಲೇಜಿನ ಅಧ್ಯಾಪಕರು ಹೇಗೆ ಹೋಗುವುದು ಎಂದು ಕೇಳುತ್ತಾರೆ. ಬಸ್ಸಿನಲ್ಲಿ ಹೋಗಬಹುದು. ಅನುಮತಿ ಬೇಕಿದ್ದರೆ ತಾಲ್ಲೂಕು ಅಧಿಕಾರಿಗೆ ಒಂದು ಅರ್ಜಿ ಹಾಕಿ, ವರ್ಗಾವಣೆಗೆ ಹಾಕುವಷ್ಟೇ ಆಸಕ್ತಿಯಿಂದ ಹಾಕಿ. ಅತಿಥಿ ಉಪನ್ಯಾಸಕರ ಗೌರವಧನವೇ ಕಡಿಮೆ, ಅವರ ಮೇಲೆ ಇದನ್ನೂ ಹೇರುತ್ತೀರಾ ಎನ್ನುತ್ತಾರೆ. ನಾನು ಅವರನ್ನು ಕರೆದೇ ಇಲ್ಲ, ಖಾಯಂ ಆಗಿ ಕೂತವರನ್ನು ಕರೆಯುತ್ತಿದ್ದೇನೆ. ಈಗಿನ ಹುಡುಗರಿಗೆ ಮೊಬೈಲ್ ಸಾಕು, ಮೇಷ್ಟ್ರು ಬೇಡ ಎನ್ನುತ್ತಾರೆ. ಸ್ಟಾಫ್ ರೂಮಿನಲ್ಲಿ ಯಾರ ಕೈಯಲ್ಲಿ ಏನಿರುತ್ತದೆ ಎಂಬುದನ್ನು ನಾನೂ ನೋಡಿದ್ದೇನೆ.

ಮತ್ತೆ ಮತ್ತೆ ಅದನ್ನೇ ಹೇಳುತ್ತೀರಿ ಎಂದು ನನ್ನ ಎಡಿಟರ್ ಗಾಜಿನಾಚೆಯಿಂದ ಸನ್ನೆ ಮಾಡುತ್ತಿದ್ದಾರೆ. ಹೌದು, ಅದನ್ನೇ ಹೇಳುತ್ತೇನೆ, ಊಟಕ್ಕೆ ಕೂರಿ! ಬಜೆಟ್ ಬೇಡ, ಸಮಿತಿ ಬೇಡ, ಸುತ್ತೋಲೆ ಬೇಡ, ಊಟಕ್ಕೆ ಕೂರಿ! ಸಾರು ನೀರಾಗಿದ್ದರೆ ಅದನ್ನೂ ಉಣ್ಣಿ, ಎರಡು ಸಲ ನೀವು ಉಂಡರೆ ಮೂರನೆಯ ಸಲಕ್ಕೆ ಅದು ತಾನಾಗಿಯೇ ಗಟ್ಟಿಯಾಗುತ್ತದೆ.

ಮುಂದಿನ ಸಂಚಿಕೆಯಲ್ಲಿ ಹಾಸ್ಟೆಲುಗಳ ಮೆಸ್ ಬಿಲ್ಲಿನ ಬಗ್ಗೆ ಮಾತನಾಡುತ್ತೇನೆ, ಬಿಲ್ಲಿನ ಪ್ರತಿ ಇದ್ದವರು ಕಳುಹಿಸಿ. ಹಾಸ್ಟೆಲ್ ದಿನಾಚರಣೆಗೆ ನನ್ನನ್ನು ಮುಖ್ಯ ಅತಿಥಿಯಾಗಿ ಕರೆಯಬೇಕೆಂದಿರುವವರು ದಯವಿಟ್ಟು ಕರೆಯಬೇಡಿ. ಮೆಸ್ಸಿನಲ್ಲಿ ಬಸ್ಸಾರು ಮಾಡುವ ದಿನ ಯಾವುದೆಂದು ತಿಳಿಸಿ, ಬಂದುಬಿಡುತ್ತೇನೆ.