ಸಿಲಿಂಡರ್ ಕೀ ಎಲ್ಲಿ?

ಕೇಳುಗರಿಗೆ ನಮಸ್ಕಾರ.

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಯಾರಿಗಾದರೂ ಜೋರು ಕಾಯಿಲೆ ಅಂತ ಗೊತ್ತಾದರೆ ಅಕ್ಕಪಕ್ಕದವರು ಮೊದಲು ಕೇಳುವ ಪ್ರಶ್ನೆ ಒಂದೇ. ‘ಎಲ್ಲಿಗೆ ಬರೆದ್ರು?’ ಅಂದರೆ, ಡಾಕ್ಟರು ಯಾವ ಊರಿನ ದೊಡ್ಡ ಆಸ್ಪತ್ರೆಗೆ ಕಳಿಸಿದರು ಅಂತ. ಮಣಿಪಾಲಕ್ಕೋ, ಹುಬ್ಬಳ್ಳಿಗೋ, ಗೋವಾಕ್ಕೋ? ಕಾರವಾರದಿಂದ ಮಣಿಪಾಲ ಸುಮಾರು 200 ಕಿಲೋಮೀಟರ್. ಶಿರಸಿಯಿಂದ ಹುಬ್ಬಳ್ಳಿ ಸುಮಾರು 100. ಜಿಲ್ಲೆಗೇ ಒಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ಜನ ವರ್ಷಗಳಿಂದ ಕೇಳುತ್ತಿದ್ದಾರೆ. ಅದು ಇನ್ನೊಂದು ದಿನದ ಮಾತು. ನಾನು 31 ವರ್ಷ ಸ್ಟಾಫ್ ನರ್ಸ್ ಆಗಿದ್ದವಳು. ರೋಗಿಯನ್ನು ಒಂದು ಮಂಚದಿಂದ ಎತ್ತಿ, ಇನ್ನೊಂದು ಊರಿನ ಇನ್ನೊಂದು ಮಂಚಕ್ಕೆ ಮುಟ್ಟಿಸುವ ಕೆಲಸವನ್ನು ಎಷ್ಟು ಸಲ ಮಾಡಿದ್ದೇನೋ ಲೆಕ್ಕ ಇಟ್ಟಿಲ್ಲ. ಇವತ್ತು ಅದನ್ನೇ ಹೇಳುತ್ತೇನೆ.

ಒಂದು ಮಳೆಗಾಲದ ರಾತ್ರಿ. ಊರಿನ ಹೆಸರು, ಆಸ್ಪತ್ರೆ ಹೆಸರು ಬೇಡ. ಆಗಿನ್ನೂ 108 ಬಂದಿರಲಿಲ್ಲ, ಅದು ನಮ್ಮ ರಾಜ್ಯಕ್ಕೆ ಬಂದದ್ದು 2008ರ ನವೆಂಬರ್‌ನಲ್ಲಿ. ಆಸ್ಪತ್ರೆಯದೇ ಹಳೇ ವ್ಯಾನ್. ಉಸಿರಾಟದ ತೊಂದರೆ ಇದ್ದ ಒಬ್ಬ ಅಜ್ಜನನ್ನು ಘಟ್ಟ ಹತ್ತಿಸಿ ಹುಬ್ಬಳ್ಳಿಗೆ ಕರೆದೊಯ್ಯಬೇಕು. ಜೊತೆಗೆ ನಾನು. ಡಾಕ್ಟರ ಪತ್ರ ಇತ್ತು, ಎಕ್ಸ್‌ರೇ ಇತ್ತು, ಎರಡು ಸಿಲಿಂಡರ್ ಆಕ್ಸಿಜನ್ ಇತ್ತು. ಅರಬೈಲ್ ಘಟ್ಟದ ನಡುವೆ ಮೊದಲ ಸಿಲಿಂಡರ್ ಮುಗಿಯಿತು. ಎರಡನೆಯದಕ್ಕೂ ರೆಗ್ಯುಲೇಟರ್ ಹಾಕಿಯೇ ಇತ್ತು. ಆದರೆ ವಾಲ್ವ್ ತಿರುಗಿಸಲು ಕೀ ಬೇಕಲ್ಲ? ಕೀ ಇಲ್ಲ.

ಅದು ವಾರ್ಡಿನ ಟ್ರಾಲಿ ಮೇಲೆ, ಹತ್ತಿ ಡಬ್ಬದ ಪಕ್ಕ ತಣ್ಣಗೆ ಕೂತಿತ್ತು. ಇಲ್ಲಿ ತುಂಬಿದ ಸಿಲಿಂಡರ್ ಪಕ್ಕದಲ್ಲೇ ಅಜ್ಜನ ಉಗುರು ನೀಲಿ ಆಗುತ್ತಿದೆ. ಡ್ರೈವರ್ ವ್ಯಾನನ್ನು ಬದಿಗೆ ಹಾಕಿ, ಸೀಟಿನ ಕೆಳಗಿನ ಟೂಲ್ಸ್ ಚೀಲವನ್ನು ನೆಲಕ್ಕೆ ಸುರಿದ. ಟಾರ್ಚ್ ನಾನು ಹಿಡಿದೆ. ಮೂರನೇ ಸ್ಪ್ಯಾನರ್ ಹೊಂದಿತು. ‘ಬುಸ್’ ಅಂತ ಬಂದ ಆ ಸದ್ದು ಇವತ್ತಿಗೂ ಕಿವಿಯಲ್ಲಿದೆ. ಅಜ್ಜ ಬದುಕಿದರು.

ಮರುದಿನದಿಂದ ಆಸ್ಪತ್ರೆಯಲ್ಲಿ ಒಂದೇ ಮಾತು. ‘ಕೀ ಬಿಟ್ಟವರು ಯಾರು?’ ಅವರು ಇವರ ಮೇಲೆ ಹಾಕಿದರು, ಇವರು ಅವರ ಮೇಲೆ. ಕೊನೆಗೆ ಎಲ್ಲರಿಗಿಂತ ಕೆಳಗಿದ್ದ ಗ್ರೂಪ್ ಡಿ ಹುಡುಗನಿಗೆ ಮೆಮೋ ಬಂತು. ಸಿಲಿಂಡರ್ ತೆರೆದವಳು ನಾನು. ಕೀ ಟ್ರಾಲಿ ಮೇಲೆ ಇಟ್ಟವಳೂ ನಾನೇ. ಆಗ ಬಾಯಿ ಬಿಡಲಿಲ್ಲ. ಈಗ ರೇಡಿಯೋದಲ್ಲಿ ಹೇಳುತ್ತಿದ್ದೇನೆ, ನೋಡಿ.

ಕೀ ಮತ್ತೆ ಬಿಟ್ಟುಹೋಗದಂತೆ ಏನು ಮಾಡೋಣ ಅಂತ ಮಾತ್ರ ಯಾರೂ ಕೇಳಲಿಲ್ಲ. ಒಂದು ವಾರದ ಮೇಲೆ ನಮ್ಮ ವಾರ್ಡಿನ ಆಯಾ ಬ್ಯಾಂಡೇಜ್ ಬಟ್ಟೆ ಹೊಸೆದು ದಾರ ಮಾಡಿ, ಕೀಯನ್ನು ಸಿಲಿಂಡರಿನ ಕುತ್ತಿಗೆಗೆ ಕಟ್ಟಿಬಿಟ್ಟರು. ‘ಬಾವಿ ಕೊಡಪಾನಕ್ಕೆ ಹಗ್ಗ ಕಟ್ಟಿಯೇ ಇಡ್ತೇವಲ್ಲ ಸಿಸ್ಟರ್, ಹಾಗೆ’ ಅಂದರು. ಈಗ ಸರ್ಕಾರಿ ಆಸ್ಪತ್ರೆಗಳಿಗೆ ಗುಣಮಟ್ಟದ ಮಾನದಂಡಗಳಿವೆ. 2015ರಿಂದ ಆಸ್ಪತ್ರೆಗಳ ಸ್ವಚ್ಛತೆಗೆ ಕೊಡುವ ಕಾಯಕಲ್ಪ ಪ್ರಶಸ್ತಿ ಇದೆ. ಅವುಗಳಿಂದ ಒಳ್ಳೆಯದೇ ಆಗಿದೆ, ಕೈ ತೊಳೆಯುವ ಬೇಸಿನ್ ಹತ್ತಿರ ಸೋಪು ಕಾಣುತ್ತದೆ. ಆದರೂ ‘ಗುಣಮಟ್ಟ’ ಅಂದಾಗಲೆಲ್ಲ ನನ್ನ ಕಣ್ಣಿಗೆ ಕಟ್ಟುವುದು ಆ ಬ್ಯಾಂಡೇಜ್ ದಾರ.

ಆಕ್ಸಿಜನ್ ವಿಷಯ ಬಂತಲ್ಲ, ಒಂದು ಲೆಕ್ಕ ಹೇಳಿಬಿಡುತ್ತೇನೆ. ಆಂಬುಲೆನ್ಸ್‌ಗೆ ಸಾಮಾನ್ಯವಾಗಿ ಹಾಕುವುದು ಬಿ ಟೈಪ್ ಸಿಲಿಂಡರ್. ತುಂಬಿದ್ದರೆ ಸುಮಾರು 1500 ಲೀಟರ್. ನಿಮಿಷಕ್ಕೆ 10 ಲೀಟರ್ ಬಿಟ್ಟರೆ 150 ನಿಮಿಷ, ಅಂದರೆ ಎರಡೂವರೆ ತಾಸು. ಕಾರವಾರದಿಂದ ಹೊರಟರೆ ಭಟ್ಕಳದ ಆಸುಪಾಸಿನಲ್ಲಿ ಖಾಲಿ. ಮಣಿಪಾಲಕ್ಕೆ ನಾಲ್ಕು ತಾಸು ಹಿಡಿದರೆ 2400 ಲೀಟರ್ ಬೇಕು. ಹೈಸ್ಕೂಲ್ ಮಕ್ಕಳು ಮಾಡುವ ಲೆಕ್ಕ. ಆದರೆ ರಾತ್ರಿ ಎರಡು ಗಂಟೆಗೆ, ಹೊರಗೆ ನೆಂಟರು ಅಳುತ್ತಿರುವಾಗ, ಅದನ್ನು ಯಾರಾದರೂ ಒಬ್ಬರು ಬಾಯಿಬಿಟ್ಟು ಜೋರಾಗಿ ಮಾಡಬೇಕು. ಗೇಜಿನ ಮುಳ್ಳು ಎಲ್ಲಿದೆ ನೋಡಬೇಕು. ರಸ್ತೆ ಹೇಗಿದೆ ಅಂತ ಡ್ರೈವರನ್ನೂ ಕೇಳಬೇಕು. 2024ರ ಜುಲೈ 16ರಂದು ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯೇ ಬಂದ್ ಆಯಿತಲ್ಲ? ಅಂಥ ದಿನ ನಾಲ್ಕು ತಾಸಿನ ದಾರಿ ಎಷ್ಟು ತಾಸಿನದು ಅಂತ ಡಾಕ್ಟರಿಗಿಂತ ಚೆನ್ನಾಗಿ ಡ್ರೈವರಿಗೆ ಗೊತ್ತಿರುತ್ತದೆ.

ಇನ್ನು ಎತ್ತುವ ಕೆಲಸ. ಮಂಚದಿಂದ ಸ್ಟ್ರೆಚರಿಗೆ ಎರಡು ಅಡಿ ದೂರ, ಅಷ್ಟೇ. ನಾನು ಕಂಡ ಹೆಚ್ಚಿನ ಎಡವಟ್ಟುಗಳು ಈ ಎರಡು ಅಡಿಯಲ್ಲೇ ಆದದ್ದು. ಸ್ಟ್ರೆಚರಿನ ಚಕ್ರಕ್ಕೆ ಲಾಕ್ ಹಾಕಿರುವುದಿಲ್ಲ, ಎತ್ತುವ ಹೊತ್ತಿಗೆ ಅದು ಮೆಲ್ಲಗೆ ದೂರ ಸರಿಯುತ್ತದೆ. ಡ್ರಿಪ್ಪಿನ ಪೈಪು ಯಾರದ್ದೋ ಮೊಣಕೈಗೆ ಸಿಕ್ಕಿ ಸೂಜಿ ಕಿತ್ತು ಬರುತ್ತದೆ. ಮೂತ್ರದ ಚೀಲವನ್ನು ‘ಇಲ್ಲಿರಲಿ’ ಅಂತ ರೋಗಿಯ ಹೊಟ್ಟೆ ಮೇಲೆ ಇಡುತ್ತಾರೆ. ಚೀಲ ಮೇಲೆ ಹೋದರೆ ಅದರಲ್ಲಿದ್ದದ್ದು ವಾಪಸ್ ಒಳಗೆ ಇಳಿಯುತ್ತದೆ, ಸೋಂಕಿಗೆ ದಾರಿ. ಅದು ಯಾವಾಗಲೂ ಸೊಂಟಕ್ಕಿಂತ ಕೆಳಗೇ ಇರಬೇಕು.

ಎತ್ತುವಾಗ ಎಣಿಸುವವರು ಒಬ್ಬರೇ ಇರಬೇಕು. ತಲೆಯ ಹತ್ತಿರ ನಿಂತವರು. ಅವರಿಗೆ ರೋಗಿಯ ಮುಖ ಕಾಣುತ್ತದೆ, ಕುತ್ತಿಗೆ ಅವರ ಕೈಯಲ್ಲಿರುತ್ತದೆ. ಇನ್ನೊಂದು, ‘ಒಂದು, ಎರಡು, ಮೂರು’ ಅಂದರೆ ಮೂರಕ್ಕೆ ಎತ್ತುವುದೋ, ಮೂರು ಹೇಳಿದ ಮೇಲೋ? ನಗಬೇಡಿ. ಇದನ್ನು ಮೊದಲೇ ಮಾತಾಡಿಕೊಳ್ಳದೆ ಇಬ್ಬರು ಎತ್ತಿ, ಇಬ್ಬರು ಸುಮ್ನೆ ನಿಂತದ್ದನ್ನು ನಾನು ನೋಡಿದ್ದೇನೆ.

ನಮ್ಮ ಕರಾವಳಿಯವರಿಗೆ ಇದು ಹೊಸದೇನಲ್ಲ. ರಂಪಣಿ ಬಲೆ ಎಳೆಯುವುದನ್ನು ನೋಡಿದವರಿಗೆ ಗೊತ್ತು. ದಡದಲ್ಲಿ ಎರಡು ಸಾಲು, ಹತ್ತಾರು ಜನ. ಒಂದು ಕಡೆ ಜಾಸ್ತಿ ಎಳೆದು ಇನ್ನೊಂದು ಕಡೆ ಸಡಿಲ ಬಿಟ್ಟರೆ ಮೀನು ಹೋಯಿತು. ಲಂಡನ್ನಿನ ಒಂದು ದೊಡ್ಡ ಮಕ್ಕಳ ಆಸ್ಪತ್ರೆ ಇದೇ ಪಾಠವನ್ನು ಕಾರ್ ರೇಸಿನವರಿಂದ ಕಲಿಯಿತು. ಹೃದಯದ ಆಪರೇಷನ್ ಆದ ಮಗುವನ್ನು ಐಸಿಯುಗೆ ತರುವಾಗ ಗಡಿಬಿಡಿ ಆಗುತ್ತಿತ್ತು. ಅಲ್ಲಿನ ಡಾಕ್ಟರುಗಳು ಟಿವಿಯಲ್ಲಿ ಫಾರ್ಮುಲಾ ಒನ್ ರೇಸ್ ನೋಡಿದರು. ಕಣ್ಣು ಮಿಟುಕಿಸುವಷ್ಟರಲ್ಲಿ ಟೈರ್ ಬದಲಿಸುವ ಆ ತಂಡವನ್ನೇ ಕೇಳಿ, ಯಾರು ಎಲ್ಲಿ ನಿಲ್ಲಬೇಕು, ಯಾರು ಹೇಳಿದ ಮೇಲೆ ಮುಂದಿನ ಕೆಲಸ ಅಂತ ನಿಗದಿ ಮಾಡಿಕೊಂಡರು. ಅದರ ವರದಿ 2007ರಲ್ಲಿ ಬಂತು, ತಪ್ಪುಗಳು ಕಡಿಮೆ ಆಗಿದ್ದವು. ಅವರು ರಂಪಣಿ ನೋಡಲು ಕಾರವಾರ ಹತ್ತಿರದ ನಮ್ಮ ಮಾಜಾಳಿಗೆ ಬಂದಿದ್ದರೂ ಆಗುತ್ತಿತ್ತು.

ರೋಗಿ ಆ ಊರು ಮುಟ್ಟಿದ ಮೇಲೆ ಕೆಲಸ ಮುಗಿಯಿತು ಅಂದುಕೊಳ್ಳುತ್ತೇವೆ. ಅಲ್ಲಿಂದಲೇ ಕಷ್ಟ ಶುರು. ಎರಡು ನಿಮಿಷದಲ್ಲಿ ಎಲ್ಲ ಹೇಳಿ ಒಪ್ಪಿಸಬೇಕು. ಇದಕ್ಕೆ ‘ಎಸ್‌ಬಾರ್’ ಅಂತ ಒಂದು ಕ್ರಮ ಇದೆ. ಈಗ ಹೇಗಿದ್ದಾರೆ, ಹಿಂದೆ ಏನಾಗಿತ್ತು, ನನಗೆ ಏನನ್ನಿಸುತ್ತದೆ, ನೀವು ಏನು ಮಾಡಬೇಕು. ನಾಲ್ಕೇ ಮಾತು. ಇದು ಹುಟ್ಟಿದ್ದು ಆಸ್ಪತ್ರೆಯಲ್ಲಲ್ಲ, ಅಮೆರಿಕದ ನೌಕಾಪಡೆಯ ಜಲಾಂತರ್ಗಾಮಿಗಳಲ್ಲಿ. ನೌಕಾನೆಲೆ ಇಟ್ಟುಕೊಂಡಿರುವ ಕಾರವಾರದವರು ನಾವು, ನಮಗೆ ಇದು ಒಗ್ಗಬೇಕು. ನಾಲ್ಕರಲ್ಲಿ ಮೂರನೆಯದೇ ನರ್ಸುಗಳಿಗೆ ಕಷ್ಟ. ‘ನನಗೆ ಏನನ್ನಿಸುತ್ತದೆ’ ಅಂತ ಡಾಕ್ಟರ ಎದುರು ಹೇಳುವ ಅಭ್ಯಾಸವನ್ನು ನಮಗೆ ಯಾರು ಮಾಡಿಸಿದ್ದಾರೆ ಹೇಳಿ?

ಹೊತ್ತು ಬರೆಯುವುದಂತೂ ಬಿಡಲೇಬಾರದು. ಶಿರಸಿ, ಸಿದ್ದಾಪುರದ ಅಡಿಕೆ ತೋಟದಲ್ಲಿ ಹಾವು ಕಚ್ಚಿ ಬಂದವರನ್ನು ನೋಡಿ. ಕಚ್ಚಿದ್ದು ಎಷ್ಟು ಗಂಟೆಗೆ, ವಿಷಕ್ಕೆ ಮದ್ದಿನ ಎಷ್ಟು ವಯಲ್ ಕೊಟ್ಟಾಗಿದೆ, ರಕ್ತ ಹೆಪ್ಪುಗಟ್ಟುತ್ತದೋ ಅಂತ ನೋಡುವ 20 ನಿಮಿಷದ ಪರೀಕ್ಷೆ ಮಾಡಿದ್ದು ಯಾವಾಗ. ಬಸುರಿಗೆ ಬಿಪಿ ಏರಿ ಫಿಟ್ಸ್ ಬಂದಾಗ ಕೊಡುವ ಮೆಗ್ನೀಷಿಯಂ ಇಂಜೆಕ್ಷನ್ ಇನ್ನೂ ಸೂಕ್ಷ್ಮ. ಇಲ್ಲಿ ಕೊಟ್ಟದ್ದು ಬರೆಯದೆ, ಅಲ್ಲಿ ಮತ್ತೆ ಪೂರ್ತಿ ಡೋಸ್ ಕೊಟ್ಟರೆ ಉಸಿರೇ ನಿಲ್ಲಬಹುದು. ಜೊತೆಗೆ ನಮ್ಮ ಕೊಂಕಣಿ ಅಜ್ಜಿಯರು. ನೋವಾದಾಗ ಅವರಿಗೆ ಕನ್ನಡ ಮರೆತುಹೋಗುತ್ತದೆ. ಹುಬ್ಬಳ್ಳಿಯ ವಾರ್ಡಿನಲ್ಲಿ ‘ಉದಕ, ಉದಕ’ ಅಂತ ನೀರು ಕೇಳಿದರೆ ಎಲ್ಲರಿಗೂ ಅರ್ಥ ಆಗಬೇಕಲ್ಲ? ಪತ್ರದ ಮೇಲೆ ‘ಕೊಂಕಣಿ ಮಾತಾಡುತ್ತಾರೆ’ ಅಂತ ಬರೆಯಲು ನಾನು ಶುರು ಮಾಡಿದ್ದು ನಿವೃತ್ತಿಗೆ ನಾಲ್ಕು ವರ್ಷ ಇದ್ದಾಗ. ತಡವಾಯಿತು.

ಮನೆಯವರಿಗೆ ಒಂದೇ ಮಾತು. ಫೈಲನ್ನು ಬ್ಯಾಗಿನ ತಳಕ್ಕೆ ಹಾಕಬೇಡಿ, ಕೈಯಲ್ಲಿಟ್ಟುಕೊಳ್ಳಿ. ತಿನ್ನುವ ಮಾತ್ರೆಗಳನ್ನು ಕವರ್ ಸಮೇತ ತನ್ನಿ. ‘ಬಿಳಿ ಮಾತ್ರೆ’ ಅಂದರೆ ನಮಗೆ ಏನೂ ತಿಳಿಯುವುದಿಲ್ಲ.

ಕಳೆದ ತಿಂಗಳು ಕಾರವಾರದ ಮೀನು ಮಾರ್ಕೆಟ್ಟಿಗೆ ಹೋಗಿದ್ದೆ. ಬಂಗಡೆ ಆರಿಸುತ್ತಿದ್ದವನು ತಿರುಗಿ ನೋಡಿ ‘ಸಿಸ್ಟರ್!’ ಅಂದ. ಮೆಮೋ ತಗೊಂಡಿದ್ದ ಅದೇ ಹುಡುಗ. ಈಗ ತಲೆ ಬೆಳ್ಳಗಾಗಿದೆ. ಅಲ್ಲೇ ನಿಂತು ಹೇಳಿದೆ, ‘ಕೀ ಬಿಟ್ಟದ್ದು ನಾನು ಮಾರಾಯಾ.’

‘ಗೊತ್ತಿತ್ತು ಸಿಸ್ಟರ್. ಗಾಡಿ ಹೊರಡುವಾಗಲೇ ಟ್ರಾಲಿ ಮೇಲೆ ನೋಡಿದ್ದೆ.’

‘ಮತ್ತೆ ಕೂಗಬೇಕಿತ್ತಲ್ಲ!’

‘ಡಾಕ್ಟರು ಅವಸರ ಮಾಡ್ತಾ ಇದ್ರು. ನೀವೂ ಸಿಟ್ಟಲ್ಲಿದ್ರಿ. ನಡುವೆ ನಾನು ಬಾಯಿ ಹಾಕೋದು ಹೇಗೆ ಅಂತ ಸುಮ್ಮನಾದೆ.’

ಆಮೇಲೆ ಮೀನಿನವಳಿಗೆ ಹೇಳಿ ನನ್ನ ಚೀಲಕ್ಕೂ ಐದು ಬಂಗಡೆ ಹಾಕಿಸಿದ. ದುಡ್ಡು ಕೊಡಲು ಬಿಡಲಿಲ್ಲ.

ನಮಸ್ಕಾರ.